ಎರಡೂ ತುದಿ ಮುಚ್ಚಿರುವ ಹಾರ್ಮೋನನ್ನು ಮಿಡತೆಯ ದೇಹ ಎಲ್ಲಿ, ಹೇಗೆ ತುಂಡರಿಸುತ್ತದೆ?

ಹಿಪ್ಪುನೇರಳೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಕೀಟಗಳ ಹಾರ್ಮೋನುಗಳು ಎಲ್ಲಿ ತಯಾರಾಗುತ್ತವೆ, ಯಾವ ಗ್ರಾಹಕವನ್ನು ಹಿಡಿಯುತ್ತವೆ ಎಂಬುದಕ್ಕೆ ನಮ್ಮ ಪಠ್ಯದಲ್ಲಿ ಪುಟಗಟ್ಟಲೆ ವಿವರಣೆ ಇದೆ. ಕೆಲಸ ಮುಗಿದ ಮೇಲೆ ಅವು ಏನಾಗುತ್ತವೆ ಎಂಬುದಕ್ಕೆ ಮಾತ್ರ "ಕಿಣ್ವಗಳಿಂದ ವಿಘಟನೆ ಹೊಂದುತ್ತವೆ" ಎಂಬ ಒಂದೇ ಸಾಲು.

ನನ್ನ ಗೊಂದಲ ಇದು. ಹಾರುವಾಗ ಕೂಡಿಟ್ಟ ಕೊಬ್ಬನ್ನು ಇಂಧನವಾಗಿ ಹೊರತರಿಸುವ, ವಲಸೆ ಮಿಡತೆಯ ಅಡಿಪೋಕೈನೆಟಿಕ್ ಹಾರ್ಮೋನು, ಅಂದರೆ ಎಕೆಎಚ್-1, ಹತ್ತು ಅಮೈನೊ ಆಮ್ಲಗಳ ಸರಪಳಿ. ಅದರ ಮೊದಲ ತುದಿಯಲ್ಲಿರುವುದು ಉಂಗುರವಾಗಿ ಮುಚ್ಚಿಕೊಂಡ ಪೈರೊಗ್ಲುಟಮೇಟ್. ಕೊನೆಯ ತುದಿಯಲ್ಲಿ ಅಮೈಡ್ ಗುಂಪು ಕುಳಿತಿದೆ. ಹಾಗಿದ್ದ ಮೇಲೆ ಮೊದಲ ತುದಿಯಿಂದ ತಿನ್ನುವ ಅಮೈನೊಪೆಪ್ಟಿಡೇಸ್‌ಗೂ ಕೊನೆಯ ತುದಿಯಿಂದ ತಿನ್ನುವ ಕಾರ್ಬಾಕ್ಸಿಪೆಪ್ಟಿಡೇಸ್‌ಗೂ ಅಲ್ಲಿ ಹಿಡಿತ ಸಿಗುವುದಿಲ್ಲ. ಆದರೂ ಆ ಹಾರ್ಮೋನು ಮಿಡತೆಯ ರಕ್ತದಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲವಲ್ಲ? ಅದನ್ನು ಒಡೆಯುವ ಕಿಣ್ವ ಯಾವುದು, ಅದು ಇರುವುದು ರಕ್ತದಲ್ಲೋ ಅಂಗಾಂಶದಲ್ಲೋ? ವಿಚಾರಗೋಷ್ಠಿಗೆ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಸಣ್ಣದೊಂದು ಪ್ರಯೋಗ ಮಾಡುವ ಆಸೆಯೂ ಇದೆ.

ಕೀಟರಸಾಯನ

ಪ್ರಶ್ನೆಯನ್ನು ಸರಿಯಾದ ಜಾಗದಲ್ಲೇ ಹಿಡಿದಿದ್ದೀರಿ. ತುದಿಗಳು ಮುಚ್ಚಿದ್ದರೆ ದೇಹಕ್ಕೆ ಉಳಿಯುವ ದಾರಿ ಒಂದೇ: ಸರಪಳಿಯನ್ನು ನಡುವೆ ಕತ್ತರಿಸಬೇಕು. ಆ ಕೆಲಸ ಮಾಡುವುದು ಎಂಡೊಪೆಪ್ಟಿಡೇಸ್‌ಗಳು. ಎಕೆಎಚ್ ವಿಷಯದಲ್ಲಿ ಮುಖ್ಯ ಪಾತ್ರ ನೆಪ್ರಿಲೈಸಿನ್ ಬಗೆಯ ಕಿಣ್ವದ್ದು.

ಎಕೆಎಚ್-1ರ ಸರಪಳಿ ಹೀಗಿದೆ: ಪೈರೊಗ್ಲುಟಮೇಟ್, ಲ್ಯೂಸಿನ್, ಆಸ್ಪರಜಿನ್, ಫಿನೈಲಲನಿನ್, ಥ್ರಿಯೊನಿನ್, ಪ್ರೊಲಿನ್, ಆಸ್ಪರಜಿನ್, ಟ್ರಿಪ್ಟೊಫಾನ್, ಗ್ಲೈಸಿನ್, ಥ್ರಿಯೊನಿನ್‌ಅಮೈಡ್. 1976ರಲ್ಲಿ ಪ್ರಕಟವಾದ ರಚನೆ ಇದು. ನೆಪ್ರಿಲೈಸಿನ್ ಎಂಬುದು ತನ್ನ ಸಕ್ರಿಯ ತಾಣದಲ್ಲಿ ಸತುವಿನ ಅಯಾನು ಇಟ್ಟುಕೊಂಡಿರುವ ಕಿಣ್ವ. ನೀರನ್ನು ಒಲ್ಲದ ದೊಡ್ಡ ಅಮೈನೊ ಆಮ್ಲ ಎಲ್ಲಿ ಕಂಡರೂ ಅದರ ಮುಂಚಿನ ಬಂಧವನ್ನು ಕತ್ತರಿಸುವುದು ಅದರ ಸ್ವಭಾವ. ಈ ಸರಪಳಿಯಲ್ಲಿ ಅದು ಆರಿಸಿಕೊಳ್ಳುವುದು ಮೂರನೆಯ ಆಸ್ಪರಜಿನ್ ಮತ್ತು ನಾಲ್ಕನೆಯ ಫಿನೈಲಲನಿನ್ ನಡುವಿನ ಬಂಧವನ್ನು. ಆ ಒಂದು ಕಡಿತದಿಂದ ಮೂರರ ಮತ್ತು ಏಳರ ಎರಡು ತುಣುಕುಗಳಾಗುತ್ತವೆ, ಹಾರ್ಮೋನಿನ ಚಟುವಟಿಕೆ ಅಲ್ಲಿಗೇ ಮುಗಿಯುತ್ತದೆ. ಇನ್ನೊಂದು ಪರಿಣಾಮವೂ ಇದೆ. ಏಳರ ತುಣುಕಿನ ಮೊದಲ ತುದಿಯಲ್ಲಿ ಈಗ ಮುಚ್ಚಳವಿಲ್ಲದ ಫಿನೈಲಲನಿನ್ ಬಂದು ನಿಂತಿರುವುದರಿಂದ, ಅದುವರೆಗೆ ಏನೂ ಮಾಡಲಾಗದೆ ಇದ್ದ ಅಮೈನೊಪೆಪ್ಟಿಡೇಸ್‌ಗೆ ದಾರಿ ತೆರೆಯುತ್ತದೆ. ಅಂದರೆ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಒಂದು, ಉಳಿದ ಚೂರುಗಳನ್ನು ಅಮೈನೊ ಆಮ್ಲಗಳಾಗಿಸುವ ಕಿಣ್ವಗಳು ಬೇರೆ. ಪ್ರಯೋಗದ ಫಲಿತಾಂಶವನ್ನು ಓದುವಾಗ ಈ ಎರಡು ಹಂತಗಳನ್ನು ಕಲಸಬಾರದು.

ಎಲ್ಲಿ ಎಂಬ ಪ್ರಶ್ನೆಗೆ ಬರೋಣ. ಮಿಡತೆಯಲ್ಲಿ ಎಕೆಎಚ್ ಅನ್ನು ಒಡೆಯುವ ಶಕ್ತಿ ರಕ್ತಕ್ಕಿಂತ ಹೆಚ್ಚಾಗಿ ಅಂಗಾಂಶಗಳ ಹೊರಮೈಯಲ್ಲಿದೆ: ಮಾಲ್ಪೀಘಿಯನ್ ನಳಿಕೆಗಳು, ಕೊಬ್ಬಿನ ಕಾಯ, ಹಾರುವ ಸ್ನಾಯು. ಕೀಟಗಳದು ತೆರೆದ ರಕ್ತಪರಿಚಲನೆ. ಅಂಗಗಳೆಲ್ಲ ಹೀಮೋಲಿಂಫಿನಲ್ಲೇ, ಅಂದರೆ ಕೀಟದ ರಕ್ತದಲ್ಲೇ, ಮುಳುಗಿರುತ್ತವೆ. ಆದ್ದರಿಂದ ಕೋಶಪೊರೆಯಲ್ಲಿ ಕುಳಿತು ಹೊರಕ್ಕೆ ಮುಖ ಮಾಡಿರುವ ಕಿಣ್ವದ ಮುಂದೆ ಹಾರ್ಮೋನು ಹಾದುಹೋಗುವುದು ಸಹಜ, ಅದಕ್ಕಾಗಿ ಕೋಶದ ಒಳಗೆ ಹೋಗಬೇಕಾದ ಅಗತ್ಯವೇ ಇಲ್ಲ. ನಳಿಕೆಗಳೆಂದರೆ ಮೂತ್ರಪಿಂಡದಂತೆ ಸೋಸಿ ಹೊರಹಾಕುವ ಅಂಗ ಎಂದಷ್ಟೇ ಓದಿರುತ್ತೇವೆ. ಪೆಪ್ಟೈಡುಗಳ (ಇಂಥ ಅಮೈನೊ ಆಮ್ಲಗಳ ಕಿರು ಸರಪಳಿಗಳ) ವಿಷಯದಲ್ಲಿ ಅವು ಇದ್ದದ್ದನ್ನು ಇದ್ದಂತೆಯೇ ಹೊರಹಾಕುವ ಬದಲು ತಮ್ಮ ಮೈಮೇಲೆಯೇ ಕತ್ತರಿಸುತ್ತವೆ.

ಔಷಧ ಅಂಗಡಿ

ನೆಪ್ರಿಲೈಸಿನ್ ಎಂಬ ಹೆಸರು ಕಂಡು ಓದಲು ನಿಂತೆ. ಹೃದಯ ವೈಫಲ್ಯದ ರೋಗಿಗಳಿಗೆ ಬರೆದುಕೊಡುವ ಸಕ್ಯುಬಿಟ್ರಿಲ್ ಮತ್ತು ವಲ್ಸಾರ್ಟನ್ ಜೋಡಿ ಮಾತ್ರೆಯಲ್ಲಿ ಸಕ್ಯುಬಿಟ್ರಿಲ್ ತಡೆಯುವುದು ಇದೇ ಹೆಸರಿನ ಕಿಣ್ವವನ್ನು. ಹೃದಯವೇ ಸ್ರವಿಸುವ ನೇಟ್ರಿಯುರೆಟಿಕ್ ಪೆಪ್ಟೈಡುಗಳು ಬೇಗ ಒಡೆಯದೆ ಉಳಿಯಲಿ, ಹೆಚ್ಚಿನ ಉಪ್ಪು ನೀರು ದೇಹದಿಂದ ಹೊರಹೋಗಲಿ ಎಂಬುದು ಅದರ ಉದ್ದೇಶ. ಮಿಡತೆಯಲ್ಲಿರುವುದೂ ಅದೇ ಕಿಣ್ವವೇ, ಅಥವಾ ಹೆಸರಿನ ಸಾಮ್ಯ ಮಾತ್ರವೇ?

ಕೀಟರಸಾಯನ

ಹೆಸರು ಮಾತ್ರವಲ್ಲ, ಕುಟುಂಬವೇ ಒಂದು. ಮನುಷ್ಯರಲ್ಲಿ ಈ ಕುಟುಂಬದ ಸದಸ್ಯರು ಬೆರಳೆಣಿಕೆಯಷ್ಟು. ಹಣ್ಣಿನ ನೊಣ ಡ್ರೊಸೊಫಿಲಾದಲ್ಲಿ ಅದೇ ಬಗೆಯ ಜೀನ್‌ಗಳು ಇಪ್ಪತ್ತಕ್ಕೂ ಹೆಚ್ಚು. ಅವೆಲ್ಲವೂ ಸಕ್ರಿಯ ಕಿಣ್ವಗಳಲ್ಲ. ಕೆಲವು ಸತುವನ್ನು ಹಿಡಿಯುವ ಭಾಗವನ್ನೇ ಕಳೆದುಕೊಂಡಿವೆ. ಹಾಗಿದ್ದರೂ ಇಷ್ಟು ಸಣ್ಣ ಪ್ರಾಣಿ ಇಷ್ಟೊಂದು ಪ್ರತಿಗಳನ್ನು ಇಟ್ಟುಕೊಂಡಿರುವುದು ಸುಮ್ಮನೆ ಇರಲಾರದು ಎಂಬುದು ನನ್ನ ಅಭಿಪ್ರಾಯ.

ಫಾಸ್ಫರಮಿಡಾನ್ ಎಂಬ, ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ದೊರೆತ ವಸ್ತು ಸಸ್ತನಿಗಳ ನೆಪ್ರಿಲೈಸಿನ್‌ನಂತೆ ಕೀಟಗಳದನ್ನೂ ತಡೆಯುತ್ತದೆ. ಅಂಗಾಂಶ ಮತ್ತು ಪೆಪ್ಟೈಡನ್ನು ಕೂಡಿಸಿದಾಗ ಆಗುತ್ತಿದ್ದ ಕಡಿತ ಫಾಸ್ಫರಮಿಡಾನ್ ಹಾಕಿದೊಡನೆ ನಿಂತರೆ ಅದು ಈ ಕುಟುಂಬದ ಕೆಲಸ ಎಂದು ಶಂಕಿಸಲು ಕಾರಣ ಸಿಗುತ್ತದೆ. ಡ್ರೊಸೊಫಿಲಾದ ದಿನಚರಿಯನ್ನು ನಡೆಸುವ ನರಕೋಶಗಳು ಬಿಡುಗಡೆ ಮಾಡುವ ಪಿಡಿಎಫ್ ಎಂಬ 18 ಅಮೈನೊ ಆಮ್ಲಗಳ ಪೆಪ್ಟೈಡಿನಲ್ಲಿ ಹೀಗೆಯೇ ಏಳನೆಯ ಸೆರಿನ್ ಮತ್ತು ಎಂಟನೆಯ ಲ್ಯೂಸಿನ್ ನಡುವೆ ಕತ್ತರಿ ಬೀಳುತ್ತದೆ ಎಂದು 2007ರಲ್ಲಿ ತೋರಿಸಲಾಯಿತು. ಗಡಿಯಾರದ ಸಂಕೇತ ಹೊತ್ತಿಗೆ ಸರಿಯಾಗಿ ಏರುವುದರಷ್ಟೇ ಹೊತ್ತಿಗೆ ಸರಿಯಾಗಿ ಇಳಿಯುವುದೂ ಮುಖ್ಯ. ಬೆಳಗಿನ ಸಂಕೇತ ಮಧ್ಯಾಹ್ನದವರೆಗೂ ಅಳಿಯದಿದ್ದರೆ ಅದರಲ್ಲಿ ಸಮಯದ ಮಾಹಿತಿಯೇ ಉಳಿಯದು.

ಪ್ರಯೋಗಾಲಯದ ಮೂಲೆ

ಇಷ್ಟು ನಿಶ್ಚಿತವಾಗಿ ಬರೆಯುವುದಕ್ಕೆ ನನ್ನ ತಕರಾರಿದೆ. ಈ ಕ್ಷೇತ್ರದ ಬಹುಪಾಲು ಪ್ರಯೋಗಗಳ ಕ್ರಮ ಒಂದೇ. ಅಂಗಾಂಶವನ್ನು ತೆಗೆದು ಅರೆಯುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪೊರೆಯ ಭಾಗವನ್ನು ಬೇರ್ಪಡಿಸುವುದು, ಅದಕ್ಕೆ ಕೃತಕ ಪೆಪ್ಟೈಡ್ ಸುರಿದು ಏನೇನು ತುಣುಕುಗಳಾದವು ಎಂದು, ಮಿಶ್ರಣವನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯಲ್ಲಿ ನೋಡುವುದು. ಇದರಲ್ಲಿ ಎರಡು ದೋಷಗಳಿವೆ.

ಮೊದಲನೆಯದು, ಅರೆದಾಗ ಕೋಶದ ಒಳಗಿನ, ಲೈಸೊಸೋಮಿನ ಕಿಣ್ವಗಳೂ ಹೊರಬರುತ್ತವೆ. ಜೀವಂತ ಕೀಟದಲ್ಲಿ ಆ ಹಾರ್ಮೋನು ಎಂದೂ ಭೇಟಿಯಾಗದ ಕಿಣ್ವವೊಂದು ಅದನ್ನು ಪರೀಕ್ಷಾನಳಿಕೆಯಲ್ಲಿ ನುಣ್ಣಗೆ ಕತ್ತರಿಸಿ ಕೊಡಬಹುದು. ಎರಡನೆಯದು ಪ್ರಮಾಣ. ಹೀಮೋಲಿಂಫಿನಲ್ಲಿ ಇಂಥ ಹಾರ್ಮೋನುಗಳು ಇರುವುದು ನ್ಯಾನೊಮೋಲಾರ್ ಮಟ್ಟದಲ್ಲಿ ಅಥವಾ ಅದಕ್ಕಿಂತಲೂ ಕಡಿಮೆ. ಉಪಕರಣಕ್ಕೆ ಕಾಣಲಿ ಎಂದು ನಾವು ಸುರಿಯುವುದು ಮೈಕ್ರೊಮೋಲಾರ್ ಮಟ್ಟದಲ್ಲಿ, ಅಂದರೆ ಸಾವಿರ ಪಟ್ಟು ಹೆಚ್ಚು. ಅಷ್ಟು ಹೆಚ್ಚಿನ ಸಾಂದ್ರತೆಯಲ್ಲಿ ಹಾರ್ಮೋನಿನ ಬಗ್ಗೆ ಒಲವೇ ಇಲ್ಲದ ಕಿಣ್ವವೂ ಚುರುಕಾಗಿ ಕೆಲಸ ಮಾಡುತ್ತದೆ. "ಒಡೆಯಬಲ್ಲದು" ಎಂಬುದರಿಂದ "ದೇಹದಲ್ಲಿ ಒಡೆಯುತ್ತದೆ" ಎಂಬಲ್ಲಿಗೆ ನೇರವಾಗಿ ಹಾರಬಾರದು.

ಕೀಟರಸಾಯನ

ತಕರಾರು ನ್ಯಾಯವಾದದ್ದೇ. ನಾನು ಎಕೆಎಚ್ ಅನ್ನು ಉದಾಹರಣೆಯಾಗಿ ಎತ್ತಿಕೊಂಡದ್ದೂ ಅದೇ ಕಾರಣಕ್ಕೆ. ಈ ಹಾರ್ಮೋನಿನ ಮೇಲೆ ಟ್ರಿಷಿಯಂ (ವಿಕಿರಣಶೀಲ ಹೈಡ್ರೋಜನ್) ಗುರುತು ಹಾಕಿ, ದೇಹದಲ್ಲಿ ಸಹಜವಾಗಿ ಇರುವಷ್ಟೇ ಪ್ರಮಾಣದಲ್ಲಿ ಜೀವಂತ ಮಿಡತೆಗೆ ಚುಚ್ಚಿ ಅದರ ಅಳಿವನ್ನು ಅಳೆದ ಪ್ರಯೋಗಗಳಿವೆ.

1996ರಲ್ಲಿ ಪ್ರಕಟವಾದ ಡಚ್ ಸಂಶೋಧಕರ ಅಂಥ ಒಂದು ಕೆಲಸ ವಲಸೆ ಮಿಡತೆಯ ಮೂರೂ ಎಕೆಎಚ್‌ಗಳನ್ನು ಹೋಲಿಸಿತು. ವಿಶ್ರಾಂತಿಯಲ್ಲಿದ್ದ ಮಿಡತೆಯಲ್ಲಿ ಎಕೆಎಚ್-1ರ ಅರ್ಧಾಯು (ಅರ್ಧದಷ್ಟು ಅಳಿಯಲು ಹಿಡಿಯುವ ಸಮಯ) 51 ನಿಮಿಷ, ಎಕೆಎಚ್-2ರದು 40 ನಿಮಿಷ, ಎಕೆಎಚ್-3ರದು ಕೇವಲ 5 ನಿಮಿಷ. ಹಾರಾಟದ ಸಮಯದಲ್ಲಿ ಅವು ಕ್ರಮವಾಗಿ 35, 37 ಮತ್ತು 3 ನಿಮಿಷಕ್ಕೆ ಇಳಿದವು. ಈ ಹಾರ್ಮೋನುಗಳು ರಕ್ತದ ಯಾವ ವಾಹಕ ಪ್ರೋಟೀನಿಗೂ ಅಂಟಿಕೊಳ್ಳದೆ ಬಿಡಿಯಾಗಿಯೇ ಸಾಗುತ್ತವೆ ಎಂಬುದೂ ಅದೇ ಕೆಲಸದಿಂದ ತಿಳಿಯಿತು. ಹಾಗಾಗಿ ಅರ್ಧಾಯುವಿನ ವ್ಯತ್ಯಾಸಕ್ಕೆ ವಾಹಕದ ರಕ್ಷಣೆ ಕಾರಣ ಎನ್ನುವಂತಿಲ್ಲ.

ಈ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಮೂರು ಹಾರ್ಮೋನುಗಳೂ ಪೈರೊಗ್ಲುಟಮೇಟ್, ಲ್ಯೂಸಿನ್, ಆಸ್ಪರಜಿನ್, ಫಿನೈಲಲನಿನ್ ಎಂದೇ ಶುರುವಾಗುತ್ತವೆ. ಕತ್ತರಿ ಬೀಳುವ ಆ ಆಸ್ಪರಜಿನ್-ಫಿನೈಲಲನಿನ್ ಬಂಧ ಮೂರರಲ್ಲೂ ಇದೆ. ಹಾಗಿದ್ದೂ ಒಂದರ ಆಯುಸ್ಸು ಇನ್ನೊಂದರ ಹತ್ತರಲ್ಲಿ ಒಂದು ಭಾಗ! ಅಂದರೆ ಕಡಿಯುವ ಬಂಧವನ್ನಷ್ಟೇ ನೋಡಿ ವೇಗ ಹೇಳಲಾಗದು. ಸರಪಳಿಯ ಉಳಿದ ಭಾಗ ಕಿಣ್ವದ ಸೀಳಿನಲ್ಲಿ ಹೇಗೆ ಕೂರುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎಕೆಎಚ್-3ರ ಕೊನೆಯಲ್ಲಿ ಅಕ್ಕಪಕ್ಕ ಎರಡು ಟ್ರಿಪ್ಟೊಫಾನ್‌ಗಳಿವೆ, ಉಳಿದೆರಡರಲ್ಲಿ ಹಾಗಿಲ್ಲ. ಹಾರಾಟದಲ್ಲಿ ಅಳಿವು ಚುರುಕಾಗುವುದಕ್ಕೆ, ನನಗೆ ತೋರುವಂತೆ, ಸ್ನಾಯುವಿನ ಬಿಸಿ ಮತ್ತು ರಕ್ತದ ವೇಗದ ಓಡಾಟ ಎರಡೂ ನೆರವಾಗಿರಬೇಕು. ಮಿಡತೆ ಹಾರಲು ತೊಡಗಿದಾಗ ಮೊದಲು ಉರಿಯುವುದು ರಕ್ತದಲ್ಲಿನ ಟ್ರಿಹಲೋಸ್ ಸಕ್ಕರೆ. ಆಮೇಲೆ ಎಕೆಎಚ್‌ನ ಆದೇಶದಂತೆ ಕೊಬ್ಬಿನ ಕಾಯದಿಂದ ಡೈಅಸಿಲ್‌ಗ್ಲಿಸರಾಲ್ ಹೊರಬಂದು ಸ್ನಾಯುವಿಗೆ ಇಂಧನವಾಗುತ್ತದೆ. ನೆಲಕ್ಕಿಳಿದ ಮೇಲೂ ಆ ಆದೇಶ ಜಾರಿಯಲ್ಲಿದ್ದರೆ ಕೂಡಿಟ್ಟ ಕೊಬ್ಬು ವ್ಯರ್ಥವಾಗಿ ರಕ್ತಕ್ಕೆ ಸುರಿಯುತ್ತಲೇ ಇರುತ್ತಿತ್ತು.

ಪ್ರಯೋಗಾಲಯದ ಮೂಲೆ

ಎಕೆಎಚ್ ಮಟ್ಟಿಗೆ ಒಪ್ಪಿದೆ. ಆದರೆ ಟ್ರಿಷಿಯಂ ಗುರುತು ಹಾಕಿದ ಪೆಪ್ಟೈಡ್ ಎಲ್ಲ ಹಾರ್ಮೋನುಗಳಿಗೂ ಸಿಗುವುದಿಲ್ಲ. ಉಳಿದವುಗಳ ವಿಷಯದಲ್ಲಿ ನನ್ನ ಅನುಮಾನ ಹಾಗೆಯೇ ಇದೆ.

ರೇಷ್ಮೆ ಮನೆ

ನಾವು ರಾಮನಗರದ ಕಡೆಯ ರೇಷ್ಮೆ ಬೆಳೆಗಾರರು. ಹುಳುಗಳು ಒಟ್ಟಿಗೆ ಹಣ್ಣಾಗಲಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸ ಒಂದೇ ಬಾರಿಗೆ ಮುಗಿಯಲಿ ಎಂದು ಐದನೆಯ ಹಂತದ ಹುಳುಗಳಿಗೆ ಸೊಪ್ಪಿನ ಮೇಲೆ "ಸಂಪೂರ್ಣ" ಸಿಂಪಡಿಸಿ ಕೊಡುವ ಪದ್ಧತಿ ನಮ್ಮಲ್ಲಿದೆ. ಅದೂ ಹಾರ್ಮೋನು ಎಂದೇ ಹೇಳುತ್ತಾರೆ. ತಾವು ಹೇಳುವ ಕಿಣ್ವಗಳು ಅದನ್ನು ಹೊಟ್ಟೆಯಲ್ಲೇ ಒಡೆದು ಹಾಕುವುದಿಲ್ಲವೆ?

ಕೀಟರಸಾಯನ

ಒಳ್ಳೆಯ ಪ್ರಶ್ನೆ ಸ್ವಾಮಿ. ತಾವು ಸಿಂಪಡಿಸುವುದು ಗಿಡಗಳಿಂದ ತೆಗೆದ ಎಕ್ಡಿಸ್ಟಿರಾಯ್ಡ್. ಹುಳುವಿನ ಪೊರೆ ಕಳಚುವ ಹಾರ್ಮೋನಿನ ಬಂಧು. ಅದು ಸ್ಟಿರಾಯ್ಡ್, ಅದರಲ್ಲಿ ಪೆಪ್ಟೈಡ್ ಬಂಧವೇ ಇಲ್ಲ, ಹಾಗಾಗಿ ಈ ಚರ್ಚೆಯ ಕಿಣ್ವಗಳಿಗೆ ಅದರ ಮೇಲೆ ಅಧಿಕಾರವಿಲ್ಲ. ಹುಳುವಿನ ದೇಹ ಅದನ್ನು ಆಕ್ಸಿಡೀಕರಿಸುವ, ಫಾಸ್ಫೇಟ್ ಕೂಡಿಸುವ ಬೇರೆ ದಾರಿಗಳಿಂದ ನಿಷ್ಕ್ರಿಯಗೊಳಿಸುತ್ತದೆ.

ಆ ಸ್ಟಿರಾಯ್ಡ್ ತಯಾರಿಗೆ ಆಜ್ಞೆ ಕೊಡುವ ಪಿಟಿಟಿಎಚ್ ಎಂಬ ಮಿದುಳಿನ ಹಾರ್ಮೋನು ಮಾತ್ರ ಪೆಪ್ಟೈಡ್ ಜಾತಿಯದೇ. ಅದನ್ನು ಸೊಪ್ಪಿಗೆ ಹಚ್ಚಿ ತಿನ್ನಿಸಿದರೆ ಪ್ರಯೋಜನವಾಗದು. ರೇಷ್ಮೆ ಹುಳುವಿನ ನಡುಗರುಳಿನ ರಸದ ಪಿಎಚ್ ಸುಮಾರು 10ರಷ್ಟು ಕ್ಷಾರೀಯ. ಅಲ್ಲಿನ ಜೀರ್ಣಕಿಣ್ವಗಳಿಗೆ ಅದೂ ಸೊಪ್ಪಿನ ಪ್ರೋಟೀನಿನಂತೆಯೇ ಒಂದು ತುತ್ತು.

ಹಿಪ್ಪುನೇರಳೆ

ತುಂಬ ಉಪಯೋಗವಾಯಿತು ಸರ್. ಇನ್ನೊಂದು ಪ್ರಶ್ನೆ. ತುದಿಗಳು ತೆರೆದಿರುವ ಪೆಪ್ಟೈಡುಗಳೂ ಇವೆಯಲ್ಲ? ಪ್ರಾಕ್ಟೊಲಿನ್ ಬಗ್ಗೆ ಓದಿದಾಗ ಅದರ ಎರಡೂ ತುದಿಗಳಿಗೆ ಮುಚ್ಚಳವಿಲ್ಲ ಎಂದು ಗಮನಿಸಿದೆ. ಅದು ಹೇಗೆ ಬಾಳುತ್ತದೆ?

ಕೀಟರಸಾಯನ

ಬಾಳುವುದಿಲ್ಲ, ಬಾಳಬೇಕಾಗಿಯೂ ಇಲ್ಲ. ಪ್ರಾಕ್ಟೊಲಿನ್ ರಚನೆ ತಿಳಿದ ಮೊದಲ ಕೀಟ ನರಪೆಪ್ಟೈಡ್. 1975ರಲ್ಲಿ ಕೆನಡಾದ ಬ್ರೌನ್ ಮತ್ತು ಸ್ಟಾರಟ್ 1,25,000 ಜಿರಲೆಗಳಿಂದ ಕೇವಲ 180 ಮೈಕ್ರೊಗ್ರಾಂ ಸಂಗ್ರಹಿಸಿ ಅದರ ಸರಪಳಿಯನ್ನು ಓದಿದರು: ಆರ್ಜಿನಿನ್, ಟೈರೊಸಿನ್, ಲ್ಯೂಸಿನ್, ಪ್ರೊಲಿನ್, ಥ್ರಿಯೊನಿನ್. ಅದು ಮುಖ್ಯವಾಗಿ ನರದ ತುದಿಯಿಂದ ಪಕ್ಕದ ಸ್ನಾಯುವಿಗೆ ತಲುಪಿ ಸಂಕೋಚನವನ್ನು ಹೆಚ್ಚಿಸುವ ಸಂದೇಶ. ದೇಹದ ಆ ಕೊನೆಯವರೆಗೆ ಪ್ರಯಾಣ ಮಾಡಬೇಕಾದ ಎಕೆಎಚ್‌ಗೆ ಎರಡೂ ತುದಿಯಲ್ಲಿ ರಕ್ಷಣೆ. ಪಕ್ಕದ ಮನೆಗೆ ಹೋಗಿಬರುವ ಪ್ರಾಕ್ಟೊಲಿನ್‌ಗೆ ಅದು ಬೇಕಿಲ್ಲ.

ಮರುಭೂಮಿ ಮಿಡತೆಯ ನರಾಂಗಾಂಶದ ಪೊರೆಗಳಲ್ಲಿ ಅದನ್ನು ಮೊದಲು ಕತ್ತರಿಸುವುದು ಅಮೈನೊಪೆಪ್ಟಿಡೇಸ್. ಆರ್ಜಿನಿನ್ ಕಳಚಿದೊಡನೆ ಉಳಿದ ನಾಲ್ಕಕ್ಕೆ ಬೆಲೆಯಿಲ್ಲ. ಅಮಸ್ಟಾಟಿನ್, ಬೆಸ್ಟಾಟಿನ್‌ಗಳು ಈ ಕಡಿತವನ್ನು ತಡೆಯುತ್ತವೆ. ಡೈಪೆಪ್ಟಿಡಿಲ್ ಪೆಪ್ಟಿಡೇಸ್-3 ಎಂಬ ಇನ್ನೊಂದು ಕಿಣ್ವ ಮೊದಲ ಎರಡನ್ನು, ಆರ್ಜಿನಿನ್-ಟೈರೊಸಿನ್ ಜೋಡಿಯನ್ನು, ಒಟ್ಟಿಗೇ ತೆಗೆದುಬಿಡುತ್ತದೆ. ಇದನ್ನು ಜಿರಲೆಯಲ್ಲಿ ಶುದ್ಧೀಕರಿಸಿ ನೋಡಿದ್ದಾರೆ. ಕೊನೆಯ ಕಡೆಯಿಂದ ಏಕೆ ಯಾರೂ ತಿನ್ನುವುದಿಲ್ಲ ಎಂದರೆ, ಕೊನೆಯ ಥ್ರಿಯೊನಿನ್ ಪಕ್ಕದಲ್ಲೇ ಪ್ರೊಲಿನ್ ಕುಳಿತಿದೆ. ಪ್ರೊಲಿನ್ ಸುತ್ತಲಿನ ಬಂಧದ ಬಾಗು ಸಾಮಾನ್ಯ ಪೆಪ್ಟಿಡೇಸ್‌ಗಳ ಬಾಯಿಗೆ ಹೊಂದುವುದಿಲ್ಲ.

ಬೆಳೆ ರಕ್ಷಣೆ

ನಾನು ಕೃಷಿ ಕ್ಷೇತ್ರದವನು. 2020ರಲ್ಲಿ ಉತ್ತರ ಭಾರತಕ್ಕೆ ಮರುಭೂಮಿ ಮಿಡತೆಗಳ ಹಿಂಡು ನುಗ್ಗಿದಾಗ ಕೋಲಾರದಲ್ಲಿ ಎಕ್ಕದ ಗಿಡದ ಮೇಲಿನ ಮಿಡತೆಗಳನ್ನು ಕಂಡು ರೈತರು ಗಾಬರಿಯಾಗಿದ್ದರು. ಆ ಎಕ್ಕದ ಮಿಡತೆಗೂ ಹಿಂಡು ಕಟ್ಟುವ ಮಿಡತೆಗೂ ಸಂಬಂಧವಿಲ್ಲ ಎಂದು ವಿವರಿಸುವಷ್ಟರಲ್ಲಿ ಸಾಕಾಗಿತ್ತು. ಅದಿರಲಿ. ನನ್ನ ಕುತೂಹಲ ವ್ಯಾವಹಾರಿಕವಾದದ್ದು. ಹಾರ್ಮೋನನ್ನು ಒಡೆಯುವುದಕ್ಕೆ ಕೀಟಕ್ಕೆ ಇಷ್ಟೊಂದು ಕಿಣ್ವಗಳಿದ್ದರೆ, ಒಡೆಯಲಾಗದ ನಕಲಿ ಹಾರ್ಮೋನು ಮಾಡಿ ಅದರ ದೇಹವನ್ನು ಅಸ್ತವ್ಯಸ್ತ ಮಾಡಬಹುದಲ್ಲವೆ?

ಕೀಟರಸಾಯನ

ಆ ದಾರಿಯಲ್ಲಿ ಅತಿ ಹೆಚ್ಚು ಕೆಲಸ ನಡೆದಿರುವುದು ಕೈನಿನ್ ಎಂಬ ಪೆಪ್ಟೈಡುಗಳ ಮೇಲೆ. ಇವು 1980ರ ದಶಕದಲ್ಲಿ ಮಡೀರಾ ಜಿರಲೆಯಿಂದ ಅಮೆರಿಕದ ಟೆಕ್ಸಾಸಿನ ಸಂಶೋಧಕರಿಗೆ ಸಿಕ್ಕವು. ಮಾಲ್ಪೀಘಿಯನ್ ನಳಿಕೆಗಳಲ್ಲಿ ಮೂತ್ರದ ಹರಿವನ್ನು ಹೆಚ್ಚಿಸುತ್ತವೆ, ಹಿಂಗರುಳನ್ನು ಕುಗ್ಗಿಸುತ್ತವೆ. ಎಲ್ಲ ಕೈನಿನ್‌ಗಳ ಕೊನೆಯ ಐದು ಕೊಂಡಿಗಳು, ಅಂದರೆ ಅಮೈನೊ ಆಮ್ಲಗಳು, ಒಂದೇ ಮಾದರಿಯವು: ಫಿನೈಲಲನಿನ್, ಬದಲಾಗುವ ಎರಡು, ಟ್ರಿಪ್ಟೊಫಾನ್, ಗ್ಲೈಸಿನ್‌ಅಮೈಡ್. ಗ್ರಾಹಕಕ್ಕೆ ಬೇಕಾದದ್ದು ಅಷ್ಟೇ. ನೆಪ್ರಿಲೈಸಿನ್ ಮತ್ತು ಎಸಿಇ ಕಿಣ್ವಗಳು ಕಚ್ಚುವುದೂ ಅಲ್ಲೇ, ಮುಖ್ಯವಾಗಿ ಟ್ರಿಪ್ಟೊಫಾನ್‌ಗೆ ಹಿಂದಿನ ಬಂಧದಲ್ಲಿ. ಎರಡನೆಯ ದುರ್ಬಲ ಜಾಗ ಫಿನೈಲಲನಿನ್‌ಗೆ ಹಿಂದಿನದು.

ಈ ಎರಡು ಜಾಗಗಳ ಪಕ್ಕದಲ್ಲಿ ಅಲ್ಫಾ-ಅಮೈನೊಐಸೊಬ್ಯುಟಿರಿಕ್ ಆಮ್ಲವನ್ನು ಸೇರಿಸುವುದು ಸಂಶೋಧಕರ ಉಪಾಯ. ಅಲನಿನ್‌ನ ನಡು ಕಾರ್ಬನ್‌ಗೆ ಇನ್ನೊಂದು ಮೀಥೈಲ್ ಗುಂಪು ಅಂಟಿಸಿದರೆ ಆಗುವ ಅಣು ಇದು. ಆ ಹೆಚ್ಚುವರಿ ಮೀಥೈಲ್ ಕಿಣ್ವದ ದಾರಿಗೆ ಅಡ್ಡ ನಿಲ್ಲುತ್ತದೆ. ಸರಪಳಿಯ ಬಾಗು ಮಾತ್ರ ಗ್ರಾಹಕ ಬಯಸುವ ಆಕಾರದಲ್ಲೇ ಉಳಿಯುತ್ತದೆ. ಇಂಥ ಕೆಲವು ನಕಲುಗಳನ್ನು ಕೃತಕ ಆಹಾರದಲ್ಲಿ ಬಟಾಣಿ ಗಿಡದ ಹೇನಿಗೆ ಕೊಟ್ಟಾಗ ಅದು ತಿನ್ನುವುದನ್ನು ಬಿಟ್ಟಿತು, ಬಹಳಷ್ಟು ಸತ್ತವು ಎಂದು 2010ರಲ್ಲಿ ವರದಿಯಾಯಿತು.

ಆದರೆ ಹೊಲಕ್ಕೂ ಪ್ರಯೋಗಾಲಯಕ್ಕೂ ಅಂತರ ದೊಡ್ಡದು. ಹೇನು ರಸ ಹೀರುವ ಕೀಟ. ಹೊರಮೈಗೆ ಸಿಂಪಡಿಸಿದ ಪೆಪ್ಟೈಡ್ ಅದರ ಗಟ್ಟಿ ಹೊದಿಕೆಯನ್ನು ದಾಟುವುದು ಕಷ್ಟ. ಅಲ್ಲದೆ ಈ ಐದು ಕೊಂಡಿಗಳ ಮಾದರಿ ಅನೇಕ ಕೀಟಗಳಿಗೆ ಸಾಮಾನ್ಯವಾದದ್ದು, ಹಾಗಾಗಿ ಉಪಕಾರಿ ಕೀಟಗಳ ಗತಿಯೇನು ಎಂಬ ಪ್ರಶ್ನೆ ಬರುತ್ತದೆ. ಇನ್ನೊಂದು ಕಡೆ ಹಿಟ್ಟಿನಲ್ಲಿ ಬೀಳುವ ಕೆಂಪು ದುಂಬಿಯಲ್ಲಿ ಕೈನಿನ್ ಜೀನೂ ಇಲ್ಲ, ಅದರ ಗ್ರಾಹಕವೂ ಇಲ್ಲ, ಅದರ ಮೇಲೆ ಈ ಅಸ್ತ್ರ ನಡೆಯದು. ವಿಜ್ಞಾನವಾಗಿ ಸುಂದರ, ಕೀಟನಾಶಕವಾಗಿ ಇನ್ನೂ ಬಹಳ ದೂರ ಸಾಗಬೇಕು ಎನ್ನುವುದೇ ನನ್ನ ಅಂದಾಜು.

ಪ್ರಕೃತಿಯೇ ಮಾಡಿಕೊಂಡ ಒಡೆಯದ ಪೆಪ್ಟೈಡ್ ಒಂದಿದೆ, ಅದನ್ನೂ ಹೇಳಬೇಕು. ಈಡಿಸ್ ಈಜಿಪ್ಟೈ ಸೊಳ್ಳೆಯ ಅಂಡಾಶಯದ ಟಿಎಂಒಎಫ್ ಹತ್ತು ಕೊಂಡಿಗಳದು. 1990ರಲ್ಲಿ ಬೊರೊವ್‌ಸ್ಕಿ ಮತ್ತು ಸಂಗಡಿಗರು ಅದರ ರಚನೆಯನ್ನು ವಿವರಿಸಿದರು. ರಕ್ತ ಹೀರಿದ ಮೇಲೆ ಹೊರಬಂದು ಕರುಳಿನಲ್ಲಿ ಟ್ರಿಪ್ಸಿನ್ ತಯಾರಿಯನ್ನು ನಿಲ್ಲಿಸುವುದು ಅದರ ಕೆಲಸ. ಅದರ ಕೊನೆಯ ಆರೂ ಕೊಂಡಿಗಳು ಪ್ರೊಲಿನ್! ಅದರಿಂದಾಗಿ ಅದು ಜೀರ್ಣಕಿಣ್ವಗಳಿಗೆ ಸುಲಭಕ್ಕೆ ಬಗ್ಗುವುದಿಲ್ಲ, ತಿನ್ನಿಸಿದರೂ ಕರುಳನ್ನು ದಾಟಿ ರಕ್ತ ಸೇರುತ್ತದೆ. ಸೊಳ್ಳೆಯ ಮರಿಗಳಿಗೆ ತಿನ್ನಿಸಿದಾಗ ಅವು ಆಹಾರ ಅರಗಿಸಿಕೊಳ್ಳಲಾರದೆ ಸಾಯುತ್ತವೆ.

ಔಷಧ ಅಂಗಡಿ

ಎಸಿಇ ಎಂದಿರಲ್ಲ, ಅದು ನಾವು ರಕ್ತದೊತ್ತಡಕ್ಕೆ ಕೊಡುವ ಕ್ಯಾಪ್ಟೊಪ್ರಿಲ್ ತಡೆಯುವ ಎಸಿಇಯೇ? ಕೀಟಕ್ಕೆ ನಮ್ಮಂಥ ರಕ್ತನಾಳಗಳೇ ಇಲ್ಲವಲ್ಲ.

ಕೀಟರಸಾಯನ

ಹೌದು, ಕ್ಯಾಪ್ಟೊಪ್ರಿಲ್ ಕೀಟದ ಎಸಿಇಯನ್ನೂ ತಡೆಯುತ್ತದೆ. ಪೆಪ್ಟೈಡಿನ ಕೊನೆಯಿಂದ ಎರಡೆರಡು ಕೊಂಡಿಗಳನ್ನು ಕಳಚುವ ಕಿಣ್ವ ಅದು. ಮನುಷ್ಯನ ದೇಹದ ಎಸಿಇಯಲ್ಲಿ ಎರಡು ಭಾಗಗಳಿವೆ, ಪೊರೆಗೆ ಬೇರು ಬಿಟ್ಟಿದೆ. ಡ್ರೊಸೊಫಿಲಾದ ಮುಖ್ಯ ಎಸಿಇಯಲ್ಲಿ ಒಂದೇ ಭಾಗ, ಪೊರೆಯ ಬೇರಿಲ್ಲ, ಆದ್ದರಿಂದ ಅದು ರಕ್ತದಲ್ಲಿ ಕರಗಿ ಓಡಾಡುತ್ತದೆ. ಆ ಸರಳತೆಯಿಂದಾಗಿಯೇ ಕ್ಯಾಪ್ಟೊಪ್ರಿಲ್ ಬಗೆಯ ಔಷಧಗಳು ಎಸಿಇಯಲ್ಲಿ ಹೇಗೆ ಕೂರುತ್ತವೆ ಎಂಬುದನ್ನು ನೊಣದ ಕಿಣ್ವದ ಸ್ಫಟಿಕಗಳಲ್ಲಿಯೂ ನೋಡಿದ್ದಾರೆ.

ಮೊದಲ ಉತ್ತರದಲ್ಲಿ ರಕ್ತಕ್ಕಿಂತ ಅಂಗಾಂಶದಲ್ಲಿ ಎಂದು ಬರೆದದ್ದು ಮಿಡತೆಯ ಎಕೆಎಚ್‌ಗೆ ಮಾತ್ರ ಅನ್ವಯಿಸುವ ಮಾತು. ಬೂದು ಮಾಂಸದ ನೊಣದಲ್ಲಿ ಟಿಎಂಒಎಫ್ ಎಂದೇ ಕರೆಯಲಾಗುವ ಇನ್ನೊಂದು, ಆರು ಕೊಂಡಿಗಳ ಪೆಪ್ಟೈಡ್ ಇದೆ. ಸೊಳ್ಳೆಯದಕ್ಕೂ ಇದಕ್ಕೂ ರಚನೆಯಲ್ಲಿ ಹೋಲಿಕೆಯಿಲ್ಲ. ರಕ್ತದ ಎಸಿಇ ಅದರ ಕೊನೆಯ ಲ್ಯೂಸಿನ್-ಹಿಸ್ಟಿಡಿನ್ ಜೋಡಿಯನ್ನು ಬೇಗನೆ ಕಳಚುತ್ತದೆ. ಮರಿ ಹೆರುವ ಜಿರಲೆ ಡಿಪ್ಲಾಪ್ಟೆರಾದ ಅಲಟೊಸ್ಟಾಟಿನ್‌ಗಳನ್ನೂ ಹೀಮೋಲಿಂಫ್ ಕತ್ತರಿಸುತ್ತದೆ. ಅಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಕಡಿತ ಸರಪಳಿಯ ಮುಂಭಾಗವನ್ನು ಮಾತ್ರ ಕಳಚಿ ಕೊನೆಯ ಆರು ಕೊಂಡಿಗಳನ್ನು ಬಿಡುತ್ತದೆ, ಗ್ರಾಹಕಕ್ಕೆ ಬೇಕಾದ ತಿರುಳು ಇರುವುದು ಆ ಬಾಲದಲ್ಲೇ. ಮೂಲ ಪೆಪ್ಟೈಡ್ ಕಾಣೆಯಾಯಿತು ಎಂದರೆ ಚಟುವಟಿಕೆ ಅಳಿಯಿತು ಎಂದು ಬರೆದುಬಿಡಬೇಡಿ.

ಪ್ರಯೋಗಾಲಯದ ಮೂಲೆ

ಈ ಕಿಣ್ವಗಳಿಗೆ ಹಾರ್ಮೋನು ಒಡೆಯುವುದೊಂದೇ ಉದ್ಯೋಗ ಎಂಬ ಭಾವನೆಯೂ ಬೇಡ. ಡ್ರೊಸೊಫಿಲಾದ ನೆಪ್ರಿಲೈಸಿನ್-4 ಸ್ನಾಯುಕೋಶದ ಒಳಗೆ ಕ್ಯಾಲ್ಸಿಯಂ ಪಂಪನ್ನು ತಡೆಹಿಡಿಯುವ ಪುಟ್ಟ ಪೆಪ್ಟೈಡುಗಳನ್ನು ಕತ್ತರಿಸುತ್ತದೆ ಎಂದು ಇತ್ತೀಚೆಗೆ ಗೊತ್ತಾಗಿದೆ. ಹೃದಯದ ಬಡಿತಕ್ಕೆ ಅದರ ಸಂಬಂಧವಿದೆ. ಒಂದು ಜೀನನ್ನು ಕೆಡಿಸಿ ನೊಣದಲ್ಲಿ ಏನೋ ಏರುಪೇರು ಕಂಡರೆ ಅದು ಹಾರ್ಮೋನು ಉಳಿದುಕೊಂಡದ್ದರಿಂದಲೇ ಆಯಿತು ಎಂದು ಹೇಳಲು ಇನ್ನಷ್ಟು ಸಾಕ್ಷ್ಯ ಬೇಕು.

ಕೀಟರಸಾಯನ

ಒಪ್ಪುತ್ತೇನೆ. ಆದರೂ ಕಿಣ್ವ ಯಾವ ಕೋಶದಲ್ಲಿದೆ ಎಂಬುದು ಒಳ್ಳೆಯ ಸುಳಿವು. ಡ್ರೊಸೊಫಿಲಾದ ಮಾಲ್ಪೀಘಿಯನ್ ನಳಿಕೆಯಲ್ಲಿ ಎರಡು ಮುಖ್ಯ ಬಗೆಯ ಕೋಶಗಳಿವೆ. ಕೈನಿನ್ ಗ್ರಾಹಕ ಇರುವುದು ನಕ್ಷತ್ರಾಕಾರದ ಕೋಶಗಳಲ್ಲಿ, ನೆಪ್ರಿಲೈಸಿನ್-2 ಕಂಡುಬಂದದ್ದೂ ಅದೇ ಕೋಶಗಳಲ್ಲಿ. ಸಂದೇಶ ಪಡೆಯುವ ಕೋಶವೇ ಅದನ್ನು ಅಳಿಸುವ ಸಾಧನವನ್ನೂ ಇಟ್ಟುಕೊಂಡಿದೆ. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ತಾವು ಇನ್ನೂ ಸಾಕ್ಷ್ಯ ಕೇಳಿದರೆ ಅದೂ ತಪ್ಪಲ್ಲ.

ಹಿಪ್ಪುನೇರಳೆ

ನನ್ನ ಯೋಜನೆ ಹೀಗಿದೆ. ಮಿಡತೆಯ ನಳಿಕೆಗಳನ್ನು ಅರೆಯದೆ, ಇಡಿಯಾಗಿ ಲವಣ ದ್ರಾವಣದಲ್ಲಿಟ್ಟು ಎಕೆಎಚ್-1 ಸೇರಿಸಿ, ಹೊತ್ತು ಹೊತ್ತಿಗೆ ಸ್ವಲ್ಪ ದ್ರಾವಣ ತೆಗೆದು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡುವುದು. ಒಂದು ತಂಡದ ನಳಿಕೆಗಳಿಗೆ ಫಾಸ್ಫರಮಿಡಾನ್. ಯಾವ ತೂಕದ ತುಣುಕುಗಳನ್ನು ಹುಡುಕಬೇಕು, ಯಾವ ಹೋಲಿಕೆಗಳು ಕಡ್ಡಾಯ?

ಕೀಟರಸಾಯನ

ಇಡೀ ನಳಿಕೆ ಬಳಸುವುದರಿಂದ ಮೇಲಿನ ತಕರಾರಿನ ಅರ್ಧ ಭಾಗಕ್ಕೆ ಉತ್ತರ ಕೊಟ್ಟಂತಾಗುತ್ತದೆ. ಎಕೆಎಚ್-1ರ ತೂಕ ಸುಮಾರು 1158.5 ಡಾಲ್ಟನ್. ಆಸ್ಪರಜಿನ್-ಫಿನೈಲಲನಿನ್ ನಡುವೆ ಕಡಿದರೆ ಮೂರರ ತುಣುಕು 356.2, ಏಳರ ತುಣುಕು 820.4. ಎರಡನ್ನೂ ಕೂಡಿದರೆ ಮೂಲಕ್ಕಿಂತ 18 ಹೆಚ್ಚು ಬರುತ್ತದೆ. ಕಡಿತದಲ್ಲಿ ಒಂದು ನೀರಿನ ಅಣು ಸೇರಿಕೊಂಡದ್ದು ಅದು. ಆಮೇಲೆ ಅಮೈನೊಪೆಪ್ಟಿಡೇಸ್ ಫಿನೈಲಲನಿನ್ ಕಳಚಿದರೆ 673.3 ಕಾಣಬೇಕು. ಇವು ಅಣುವಿನದೇ ತೂಕಗಳು. ಯಂತ್ರ ತೋರಿಸುವ ಶಿಖರಕ್ಕೆ ಪ್ರೋಟಾನಿನ 1 ಅಥವಾ ಸೋಡಿಯಂನ 23ರ ಲೆಕ್ಕ ಸೇರುತ್ತದೆ. ತುದಿ ಮುಚ್ಚಿದ ಪೆಪ್ಟೈಡುಗಳಲ್ಲಿ ಸೋಡಿಯಂ ಶಿಖರವೇ ಎದ್ದು ಕಾಣುವುದು ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಡಿ. ಫಾಸ್ಫರಮಿಡಾನ್ ಜೊತೆಗೆ ಇನ್ನೊಂದು ತಂಡಕ್ಕೆ ಅಮಸ್ಟಾಟಿನ್ ಹಾಕಿ ನೋಡಿ: ನೆಪ್ರಿಲೈಸಿನ್ ಮೊದಲು ಎಂಬ ವಾದ ನಿಜವಾದರೆ ಅಮಸ್ಟಾಟಿನ್ ಇದ್ದಾಗ ಎಕೆಎಚ್ ಎಂದಿನಂತೆ ಕರಗಬೇಕು, ಆದರೆ 820.4 ಮುಂದೆ ಸವೆಯದೆ ಕೂಡುತ್ತಾ ಹೋಗಬೇಕು.

ಪ್ರಯೋಗಾಲಯದ ಮೂಲೆ

ನನ್ನದೊಂದು ಸೇರ್ಪಡೆ. ನಳಿಕೆಯನ್ನೇ ಹಾಕದ, ಬರೀ ಲವಣ ದ್ರಾವಣ ಮತ್ತು ಎಕೆಎಚ್ ಇರುವ ಒಂದು ಟ್ಯೂಬನ್ನು ಅಷ್ಟೇ ಹೊತ್ತು ಇಡಿ. ನ್ಯಾನೊಮೋಲಾರ್ ಮಟ್ಟದಲ್ಲಿ ಪೆಪ್ಟೈಡುಗಳು ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡು ದ್ರಾವಣದಿಂದ ಮಾಯವಾಗುತ್ತವೆ, ನೋಡುವವರಿಗೆ ಅದು ವಿಘಟನೆಯಂತೆಯೇ ಕಾಣುತ್ತದೆ. ಕುದಿಸಿ ಕಿಣ್ವ ಕೆಡಿಸಿದ ನಳಿಕೆಗಳ ಟ್ಯೂಬೂ ಒಂದಿರಲಿ. ಮೂಲ ಶಿಖರ ಇಳಿದಂತೆ 356.2 ಮತ್ತು 820.4 ಏರದಿದ್ದರೆ, ಕತ್ತರಿಸಿದ್ದು ಕಿಣ್ವ ಎಂದು ವಿಚಾರಗೋಷ್ಠಿಯಲ್ಲಿ ಹೇಳಬೇಡಿ.